ಹಿತ್ತಿಲವರೆಗೆ ಬಂದ ದರಕು

ನಿವೃತ್ತಿ ಅಂದರೆ ನೀವು ನಗಬಹುದು. ನನಗಿನ್ನೂ ಮೂವತ್ತೈದು ತುಂಬಿಲ್ಲ. ಆದರೆ ಯೋಜನೆ ಮುಗಿದ ದಿನ ನನ್ನ ಹುದ್ದೆಯೂ ಮುಗಿಯಿತು. ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಮುಂದಿನ ಜೀವನ ನೆಮ್ಮದಿಯಿಂದಿರಲಿ’ ಎಂದು ಹಾರೈಸಿದರು. ಇದಕ್ಕೆ ನಿವೃತ್ತಿ ಅನ್ನದೆ ಬೇರೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಾಡಿನ ಅಂಚಿಗಿರುವ ಮನೆಗಳಿಗೆ ಬೇಸಿಗೆಯಲ್ಲಿ ಬೆಂಕಿ ತಾಗದ ಹಾಗೆ ಊರವರನ್ನು ಒಟ್ಟುಗೂಡಿಸುವುದು ನನ್ನ ಕೆಲಸವಾಗಿತ್ತು. ನೇಮಕದ ಆದೇಶದಲ್ಲಿ ‘ಸಮುದಾಯ ಸಂಯೋಜಕಿ’, ಊರವರ ಬಾಯಲ್ಲಿ ‘ಬೆಂಕಿ ಮೇಡಂ’. ಈಗ ಇಂಥದೇ ಇನ್ನೊಂದು ಯೋಜನೆ ಬರುತ್ತಿದೆಯಂತೆ, ಹೊಸಬರನ್ನು ತೆಗೆದುಕೊಳ್ಳುತ್ತಾರಂತೆ. ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿಯಲ್ಲಿ ಬಂದದ್ದನ್ನು ವಾದಿಸಿ ಕಪ್ ತರುತ್ತಿದ್ದೆ. ಆ ಅಭ್ಯಾಸದಿಂದ ಬಂದ ಗುಣ ಒಂದೇ: ಎದುರಿನವನು ದಡ್ಡ ಅಂತ ಹೊರಟರೆ ಸೋಲುತ್ತೇವೆ ಅನ್ನುವ ಭಯ. ಈ ಕೆಲಸದಲ್ಲಿ ನನಗೆ ಆಗಿಬಂದದ್ದು ಅದೇ.

ಏಕೆಂದರೆ ಇಡೀ ಯೋಜನೆ ನಿಂತಿದ್ದುದು ಎದುರಿನವನು ದಡ್ಡ ಅನ್ನುವ ನಂಬಿಕೆಯ ಮೇಲೆ. ಜನಕ್ಕೆ ಅರಿವಿಲ್ಲ, ಅದಕ್ಕೇ ಬೆಂಕಿ ಬೀಳುತ್ತದೆ. ಅರಿವು ಮೂಡಿಸಿದರೆ ಬೆಂಕಿ ನಿಲ್ಲುತ್ತದೆ. ಹಾಗಾಗಿ ಮೊದಲ ಬೇಸಿಗೆಯಿಡೀ ನಾವು ಜಾಥಾ ಮಾಡಿದೆವು, ಬೀದಿ ನಾಟಕ ಆಡಿಸಿದೆವು, ಶಾಲೆ ಅಂಗಳದಲ್ಲಿ ಊರವರನ್ನು ನಿಲ್ಲಿಸಿ ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಬೋಧಿಸಿದೆವು. ಒಂದು ದಿನ ಜೀಪಿನಲ್ಲಿ ವಾಪಸ್ ಬರುವಾಗ ರೇಂಜರ್ ಸಾಹೇಬರನ್ನು ಕೇಳಿದೆ: “ಸರ್, ಬೆಂಕಿ ಸುಡುತ್ತೆ ಅಂತ ಗೊತ್ತಿಲ್ಲದವರು ಇಲ್ಲಿ ಯಾರಿದಾರೆ?”

“ಗೊತ್ತಿರತ್ತೆ ಕಣಮ್ಮ. ಆದ್ರೂ ಹೇಳ್ಬೇಕು.”

“ಗೊತ್ತಿದ್ದೂ ಬೆಂಕಿ ಇಡ್ತಾರೆ ಅಂದ್ರೆ ಅದಕ್ಕೆ ಬೇರೆ ಕಾರಣ ಇರ್ಬೇಕಲ್ವಾ ಸರ್?”

ಅವರು ಕಿಟಕಿಯ ಆಚೆ ನೋಡುತ್ತಾ, “ನೀನು ವಕೀಲಿಕೆ ಓದ್ಬೇಕಿತ್ತು” ಅಂದರು. ಒಳ್ಳೆಯ ಮನುಷ್ಯ. ವಾದ ಅಲ್ಲಿಗೇ ನಿಲ್ಲಿಸುವ ಕಲೆ ಅವರಿಗಿತ್ತು.

ಕಾರಣಗಳು ಇದ್ದೇ ಇದ್ದವು. ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ. ಜೇನು ಬಿಡಿಸಲು ಹೊಗೆ ಬೇಕು. ಗಾಳಿಗೆ ಎರಡು ಕರೆಂಟ್ ತಂತಿ ತಾಗಿದರೂ ಕಿಡಿ. ಇವುಗಳಲ್ಲಿ ಯಾವುದೂ ಪ್ರತಿಜ್ಞೆಯಿಂದ ನಿಲ್ಲುವಂಥದ್ದಲ್ಲ.

ಆ ಜಾಥಾದಲ್ಲೇ ನಾನು ಮಂಜಪ್ಪನವರನ್ನು ಕಂಡದ್ದು. ಸಾಗರದಿಂದ ಕಾರ್ಗಲ್ಲಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಗುಡ್ಡದ ನೆತ್ತಿಯಲ್ಲಿ ಕೆಲವೇ ಮನೆಗಳ ಒಂದು ಕೇರಿ. ಊರಿನ ಹೆಸರು ಬೇಡ, ಮೇಲಿನಕೇರಿ ಅನ್ನೋಣ. ಮಂಜಪ್ಪ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೆಲಸದವರು. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಹಗಲೆಲ್ಲ ಜಗಲಿಯ ಮೇಲೆ ಹಾಸಿಗೆ, ಕೈಯಲ್ಲಿ ಮೊಬೈಲ್, ಹೋಗುವ ಬರುವವರ ಮೇಲೆ ಮಾತು. ಹೆಂಡತಿ ಗಿರಿಜಮ್ಮ ಎರಡು ದನ ಸಾಕಿ ಡೈರಿಗೆ ಹಾಲು ಹಾಕಿ ಮನೆ ನಡೆಸುತ್ತಿದ್ದರು. ನಮ್ಮ ಮೆರವಣಿಗೆ ಜಗಲಿಯ ಮುಂದೆ ಹೋಗುವಾಗ ಮಂಜಪ್ಪ ಕರೆದರು.

“ತಂಗೀ, ನಾನೂ ಮಲಗಿದಲ್ಲೇ ಕೈ ಚಾಚಿ ಪ್ರತಿಜ್ಞೆ ಮಾಡಿದೀನಿ. ಇನ್ನು ಹಿತ್ತಿಲ ಕಡೆ ಹೋಗಿ ಬೆಂಕಿ ಹತ್ರಾನೂ ಒಂದು ಪ್ರತಿಜ್ಞೆ ಮಾಡಿಸ್ಕಂಡ್ ಬಂದ್ಬಿಡಿ.”

ಹಿತ್ತಿಲಿಗೆ ಹೋಗಿ ನೋಡಿದೆ. ಮನೆಯ ಹಿಂದೆಯೇ ಗುಡ್ಡದ ಇಳಿಜಾರು ಶುರು. ಅಕೇಶಿಯಾ, ಮತ್ತಿ, ಹೊನ್ನೆ, ಅವುಗಳ ಬುಡದಲ್ಲಿ ಉದುರಿದ ಒಣ ಎಲೆ, ನಮ್ಮ ಕಡೆ ಅದಕ್ಕೆ ದರಕು ಅನ್ನುತ್ತಾರೆ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಯಿತು. ಅದು ಕೊಟ್ಟಿಗೆಯ ಗೋಡೆಯವರೆಗೂ ಬಂದಿತ್ತು. ಇಳಿಜಾರಿನ ಕೆಳಗೆ ಬ್ಯಾಣ, ಅದರಾಚೆ ಅಡಿಕೆ ತೋಟ. ಬೆಂಕಿ ಮೇಲಕ್ಕೆ ಓಡುತ್ತದೆ. ಕೆಳಗೆ ಎಲ್ಲಿ ಬಿದ್ದರೂ ಅದು ಬಂದು ನಿಲ್ಲುವುದು ಈ ಮನೆಯ ಹಿಂದೆ, ನಡೆಯಲಾರದ ಮನುಷ್ಯನ ತಲೆದಿಂಬಿನ ಹತ್ತಿರ.

“ಇದನ್ನ ಬಾಚಬಾರ್ದಾ ಗಿರಿಜಕ್ಕಾ?”

“ಹೆಗಡೇರ ಬೆಟ್ಟ ತಂಗಿ.”

“ಇದು ಸರ್ಕಾರದ ಜಾಗ ಅಲ್ವಾ?”

“ಜಾಗ ಸರ್ಕಾರದ್ದು. ದರಕು ಹೆಗಡೇರದ್ದು.”

ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಅಂತ ಇರುತ್ತದೆ. ನೆಲ ಸರ್ಕಾರದ್ದಾದರೂ ಅಲ್ಲಿನ ಸೊಪ್ಪು, ದರಕು ತೋಟದವರ ಹಕ್ಕು. ಬೇರೆಯವರು ಒಂದು ಹೆಡಿಗೆ, ಅಂದರೆ ಬುಟ್ಟಿ, ತೆಗೆದರೂ ಕದ್ದ ಹಾಗೆ. ಮಂಜಪ್ಪನ ಅಪ್ಪ ಗೇಣಿ ಮಾಡುತ್ತಿದ್ದ ಕಾಲದಲ್ಲಿ ಅವರು ಹೀಗೆ ಹೊತ್ತೊಯ್ಯುತ್ತಿದ್ದ ಹೆಡಿಗೆಯನ್ನು ಹೆಗಡೆಯವರ ಮನೆಯವರು ದಾರಿಯಲ್ಲೇ ಇಳಿಸಿ ಬೋರಲು ಹಾಕಿಸಿದ್ದರಂತೆ. ಗೇಣಿ ಹೋಯಿತು, ಭೂಮಿ ಬಂತು, ಮಗ ಪಾಸ್‌ಪುಸ್ತಕ ಹಿಡಿದ. ಹೆಡಿಗೆ ಬೋರಲು ಹಾಕಿದ್ದು ಮಾತ್ರ ಕೇರಿಯವರ ಮನಸ್ಸಿನಲ್ಲಿ ಹಾಗೇ ಉಳಿಯಿತು. ಈಗ ಹೆಗಡೆಯವರ ಮನೆಯಲ್ಲಿ ದನ ಕಡಿಮೆ, ಬಾಚುವ ಆಳಿಲ್ಲ, ಗೊಬ್ಬರ ಲಾರಿಯಲ್ಲಿ ಬರುತ್ತದೆ. ಅವರು ಬಾಚುವುದಿಲ್ಲ. ಅವರದ್ದೆಂದು ಇವರು ಮುಟ್ಟುವುದಿಲ್ಲ. ದರಕು ಮಾತ್ರ ವರ್ಷಾವರ್ಷ ಬೀಳುತ್ತಲೇ ಇರುತ್ತದೆ.

ನಾನು ಇಲಾಖೆಯ ಬೆಂಕಿ ರೇಖೆಯ ಮೇಲೆ ಭರವಸೆ ಇಟ್ಟೆ. ಜನವರಿ ಹೊತ್ತಿಗೆ ಕಾಡಿನ ಗಡಿಯುದ್ದಕ್ಕೂ ಒಂದು ಪಟ್ಟಿಯಷ್ಟು ಜಾಗ ಸವರಿ ಎಲೆ ಸುಟ್ಟು ಬೋಳು ಮಾಡುತ್ತಾರೆ, ಬೆಂಕಿ ಅದನ್ನು ದಾಟಬಾರದು ಅಂತ. ಹೋಗಿ ನೋಡಿದರೆ ರೇಖೆ ಬೆಟ್ಟದ ಆಚೆ ಬದಿಗೆ, ಮೀಸಲು ಅರಣ್ಯದ ಅಂಚಿಗೆ. ಅಂದರೆ ಬೆಟ್ಟವೂ ಮೇಲಿನಕೇರಿಯೂ ಬೆಂಕಿಯ ಜೊತೆಗೇ ಒಂದೇ ಕಡೆ.

“ಸರ್, ಈ ರೇಖೆ ಊರಿಂದ ಕಾಡನ್ನ ಕಾಪಾಡುತ್ತೆ. ಬೆಂಕಿಯಿಂದ ಊರನ್ನ ಕಾಪಾಡೋ ರೇಖೆ ಎಲ್ಲಿ?”

“ಮನೆಗೆ ಬೆಂಕಿ ಬಿದ್ರೆ ಫೈರ್ ಎಂಜಿನ್‌ಗೆ ಫೋನ್ ಮಾಡ್ಬೇಕಮ್ಮ. ನಮಗೆ ಕೊಟ್ಟಿರೋದು ಕಾಡು.”

ಫೈರ್ ಎಂಜಿನ್ ಆ ದಾರಿಯಲ್ಲಿ ಹತ್ತುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಉಳಿದದ್ದು ಗಣಪತಿ ಹೆಗಡೆಯವರು. ಕೆಳಗೆ ತೋಟದ ಮನೆ. ಎಪ್ಪತ್ತರ ಹತ್ತಿರದವರು, ಗಟ್ಟಿ ಆಳು, ಮಾತಿಗೆ ಮಾತು. ನಾನು ಅಂಶಗಳನ್ನು ಸಾಲಾಗಿ ಜೋಡಿಸಿಕೊಂಡು ಹೋಗಿದ್ದೆ. ನಿಮಗೆ ದರಕು ಬೇಡ, ಅವರಿಗೆ ಅಪಾಯ, ಬಾಚಲು ಬಿಟ್ಟರೆ ನಿಮಗೇನು ನಷ್ಟ. ಪೂರ್ತಿ ಕೇಳಿಸಿಕೊಂಡರು.

“ಬಾಚಲಿ. ಬೇಡ ಅಂದವರಾರು? ಬಂದು ಒಂದು ಮಾತು ಕೇಳಲಿ.”

“ನೀವೇ ಒಂದು ಮಾತು ಹೇಳಿ ಕಳಿಸಿದ್ರೆ?”

“ಇಲ್ಲಿ ಕೇಳು ಕೂಸೇ. ಈ ವರ್ಷ ದರಕು ಬಾಚ್ತಾರೆ. ಮುಂದಿನ ವರ್ಷ ಮುಳ್ಳು ಕಡೀತಾರೆ. ಅದರ ಮುಂದಿನ ವರ್ಷ ಬೇಲಿ. ಆಮೇಲೆ ಸಾಗುವಳಿ ಅಂತ ಅರ್ಜಿ. ಇಲ್ಲ ಅನ್ನು, ನಾನು ಹೆಸರು ಹೇಳ್ತೀನಿ, ಯಾರ್‍ಯಾರ ಬೆಟ್ಟ ಹೀಗೆ ಹೋಗಿದೆ ಅಂತ.”

ಆ ಹೆಸರುಗಳು ನನಗೂ ಗೊತ್ತಿದ್ದವು. ಗುಡ್ಡ ಹತ್ತಿ ಮಂಜಪ್ಪನವರಿಗೆ ಹೇಳಿದೆ: ಹೋಗಿ ಒಂದು ಮಾತು ಕೇಳಿದರೆ ಒಪ್ಪುತ್ತಾರಂತೆ.

“ಕೇಳಲ್ಲ.”

“ನಿಮ್ಮ ಮನೇದೇ ಪ್ರಶ್ನೆ ಮಂಜಣ್ಣ.”

“ಅದ್ಕೇ ಕೇಳಲ್ಲ. ನನ್ನ ಮನೆ ಉಳಿಸ್ಕಣಕ್ಕೆ ಅವರ ಅಪ್ಪಣೆ ಬೇಕು ಅಂದ್ರೆ ಅದು ನನ್ನ ಮನೆ ಹೆಂಗಾತು? ನಮ್ಮಪ್ಪ ಕೇಳೋದ್ರಲ್ಲೇ ಬಾಳು ಮುಗಿಸ್ದ.”

ಇದನ್ನು ಹಟ ಅನ್ನುವವರು ಅನ್ನಲಿ. ಚರ್ಚಾಸ್ಪರ್ಧೆಯಾಗಿದ್ದರೆ ನಾನು ಎರಡೂ ಕಡೆಗೆ ಅಂಕ ಕೊಡುತ್ತಿದ್ದೆ. ಒಬ್ಬರು ಕೇಳಿದರೆ ಹಳೆಯದನ್ನು ಒಪ್ಪಿಕೊಂಡ ಹಾಗೆ, ಇನ್ನೊಬ್ಬರಿಗೆ, ಇವರು ಕೇಳದೆಯೇ ಬಾಚಲು ಬಿಟ್ಟರೆ ಬೆಟ್ಟ ಕೈಯಿಂದ ಜಾರುತ್ತದೆ ಅನ್ನುವ ಹೆದರಿಕೆ. ‘ಸಮುದಾಯದ ಸಹಭಾಗಿತ್ವ’ ಅಂತ ನಮ್ಮ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಆ ಸಮುದಾಯ ಅನ್ನುವುದು ಇಳಿಜಾರಿನ ಎರಡು ತುದಿಗೆ ಕುಳಿತು ಬೆನ್ನು ಮಾಡಿದ ಇಬ್ಬರು ಗಂಡಸರು.

ಇದರ ನಡುವೆ ಬೇರೆ ಊರುಗಳ ಕೆಲಸವೂ ಇತ್ತು. ಹೊಸನಗರದ ಕಡೆ ಒಂದು ಊರಿನಲ್ಲಿ ನಮ್ಮ ಕರಪತ್ರವನ್ನು ತುಂಬ ಶ್ರದ್ಧೆಯಿಂದ ಓದಿದರು. ‘ಮನೆಯ ಸುತ್ತಲಿನ ಒಣ ಎಲೆ ತೆರವುಗೊಳಿಸಿ’ ಅಂತ ಇತ್ತು. ತೆರವು ಮಾಡಿದ್ದನ್ನು ಏನು ಮಾಡಬೇಕು ಅಂತ ಬರೆದಿರಲಿಲ್ಲ. ಸ್ವಸಹಾಯ ಸಂಘದ ಹೆಂಗಸರು ಎಲ್ಲ ಗುಡಿಸಿ ಅಂಗಳದ ಮೂಲೆಗೆ ಒಟ್ಟಿ, ಮಧ್ಯಾಹ್ನದ ಗಾಳಿಯಲ್ಲಿ ಕಡ್ಡಿ ಗೀರಿದರು. ಪಕ್ಕದ ನೆಡುತೋಪಿನ ಒಂದು ಮೂಲೆ ಸುಟ್ಟುಹೋಯಿತು. ಅಧ್ಯಕ್ಷೆ ನನಗೇ ಫೋನ್ ಮಾಡಿ, “ಮೇಡಂ, ನೀವು ಹೇಳ್ದಂಗೇ ಮಾಡಿದ್ವಿ, ಈಗ ಕಾಡಿಗೆ ಹತ್ಕಂಡಿದೆ, ಮುಂದೇನು ಅಂತ ಇದ್ರಲ್ಲಿ ಬರ್ದಿಲ್ಲ” ಅಂದರು. ತೀರ್ಥಹಳ್ಳಿಯ ಕಡೆ ಸೌದೆಯ ಸಮಸ್ಯೆ. ಮಳೆಗಾಲಕ್ಕೆ ಮನೆಗೋಡೆಗೆ ತಾಗಿಸಿ ಸೂರಿನವರೆಗೂ ಒಟ್ಟಿದ ಒಣ ಸೌದೆ ಅಲ್ಲಿ ಹೆಂಗಸರ ಹೆಮ್ಮೆ. ದೂರ ಇಡಿ ಅಂದರೆ, “ಸುರಿಯೋ ಮಳೇಲಿ ನೀವು ಬಂದು ಹೊತ್ಕೊಡ್ತೀರಾ?” ಅಂದರು. ಕಡೆಗೆ ಅವರೇ ದಾರಿ ಕಂಡುಕೊಂಡರು: ಬೇಸಿಗೆಯಲ್ಲಿ ಅಂಗಳದ ಆಚೆ ತುದಿಗೆ, ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆ ಬಿದ್ದ ಮೇಲೆ ಸೂರಿನಡಿಗೆ. ಮಳೆಗಾಲದ ಜಾಗ ಬದಲಾಗಲಿಲ್ಲ, ಅಲ್ಲಿಗೆ ಒಟ್ಟುವ ಹೊತ್ತು ಬದಲಾಯಿತು ಅಷ್ಟೆ. ಯಾವ ಕರಪತ್ರಕ್ಕೂ ಇದು ಹೊಳೆದಿರಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ಮೇಲಿನಕೇರಿಗೆ ಬೆಂಕಿ ಬಂತು. ಕೆಳಗೆ ಬ್ಯಾಣದಲ್ಲಿ ಶುರುವಾದದ್ದು ಖರೆ. ಇಟ್ಟವರಾರೋ ಇವತ್ತಿಗೂ ಗೊತ್ತಿಲ್ಲ. ಉಪಗ್ರಹದಿಂದ ಬರುವ ಬೆಂಕಿ ಸಂದೇಶ ನನ್ನ ಫೋನಿಗೆ ಬರುವಷ್ಟರಲ್ಲಿ ನಾನು ಹೊಗೆಯೊಳಗೇ ನಿಂತಿದ್ದೆ. ಇಲಾಖೆಯ ಬೆಂಕಿ ಕಾವಲಿನ ಹುಡುಗರು ಹಸಿ ಟೊಂಗೆ ಮುರಿದು ಬಡಿಯುತ್ತಿದ್ದರು. ಮೊಣಕಾಲುದ್ದದ ದರಕಿನ ಮೇಲೆ ಬಡಿದರೆ ಬೆಂಕಿ ಆರುವುದಿಲ್ಲ, ಚೆಲ್ಲುತ್ತದೆ. ನಾವು ಹಿಂದೆ ಹಿಂದೆ ಸರಿದೆವು. ಗಿರಿಜಮ್ಮ ದನಗಳ ಕಣ್ಣಿ ಬಿಚ್ಚಿ ಓಡಿಸಿ, ಒಬ್ಬರೇ ಗಂಡನನ್ನು ಕಂಬಳಿಯ ಮೇಲೆ ಉರುಳಿಸಿಕೊಂಡು ಅಂಗಳದುದ್ದ ಎಳೆಯುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಮಂಜಪ್ಪ ಒಂದೂ ಮಾತಾಡಲಿಲ್ಲ. ಆ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊಟ್ಟಿಗೆ ಪೂರ್ತಿ ಹೋಯಿತು. ಮನೆಯ ಹಿಂಗೋಡೆ ಕರಿಯಾಯಿತು. ಗಾಳಿ ತಿರುಗಿದ್ದರಿಂದ ಉಳಿದದ್ದು ಉಳಿಯಿತು.

ಇನ್ನಾದರೂ ಬುದ್ಧಿ ಬರುತ್ತದೆ ಅಂದುಕೊಂಡೆ. ಫೋಟೋ ತೆಗೆದರು, ಪಂಚನಾಮೆ ಆಯಿತು, ಮತ್ತೊಂದು ಜಾಥಾ ನಡೆಯಿತು. ಮಳೆ ಬಂತು, ಹೋಯಿತು. ಚಳಿಗಾಲ ಮುಗಿಯುತ್ತಿದ್ದ ಹಾಗೆ ಎಲೆ ಉದುರಲು ಶುರುವಾಯಿತು. ಹೊಸ ಕೊಟ್ಟಿಗೆಯ ಗೋಡೆಗೆ ಹೊಸ ದರಕು ಬಂದು ತಾಗಿತು. ಯಾರೂ ಬಾಚಲಿಲ್ಲ. ಹೆದರಿಕೆಯಿಂದ ಜನ ಬದಲಾಗುತ್ತಾರೆ ಅಂತ ನಿಮ್ಮ ತರಬೇತಿಯಲ್ಲಿ ಹೇಳುತ್ತಾರೆ. ಬದಲಾಗುವುದಿಲ್ಲ. ಹೆದರಿಕೊಂಡೇ ಮೊದಲಿನ ಹಾಗೆ ಇರುತ್ತಾರೆ.

ದಾರಿ ತೆರೆದದ್ದು ಹೆಗಡೆಯವರ ಅಡುಗೆಮನೆಯಿಂದ. ಅವರ ಹೆಂಡತಿ ಶಾರದಮ್ಮ ದಿನಾ ಬೆಳಿಗ್ಗೆ ಡೈರಿಯಲ್ಲಿ ಗಿರಿಜಮ್ಮನನ್ನು ಕಾಣುವವರು. ಗಂಡಸರು ಮಾತುಬಿಟ್ಟ ಕಾಲದಲ್ಲೂ ಹೆಂಗಸರು ಹಾಲಿನ ಕ್ಯಾನ್ ಪಕ್ಕದಲ್ಲಿ ಮಾತಾಡುತ್ತಲೇ ಇದ್ದರು. ಆ ದಿನ ನಾನು ಮತ್ತದೇ ವಾದ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಚಾ ತಂದವರು ಗಂಡನಿಗೆ ತಮ್ಮ ಮನೆಮಾತಿನಲ್ಲೇ ಹೇಳಿದರು, ಅದರಲ್ಲಿ ‘ಎಂಗೊ’ ಅಂದರೆ ನಾವು, ‘ಹೋಪದು’ ಅಂದರೆ ಹೋಗುವುದು.

“ಎಂಗೊ ದರಕು ಬಾಚದೆ ಎಷ್ಟು ವರ್ಷ ಆತು, ಗೊತ್ತಿದ್ದಾ?”

“ಗೊತ್ತಿದ್ದು, ಗೊತ್ತಿದ್ದು.”

“ಅವಳ ಕೊಟ್ಟಿಗೆ ಸುಟ್ಟಿದ್ದು ನಮ್ಮನೆ ದರಕು ಅಲ್ದಾ? ಕೇಳೂದು ಬ್ಯಾಡ, ಕೊಡೂದು ಬ್ಯಾಡ. ಮುಯ್ಯಾಳು ಮಾಡಿ.”

ಹೆಗಡೆಯವರು ಲೋಟ ಕೆಳಗಿಟ್ಟರು. “ಎಂಗೊ ಅವರ ಮನೆ ಮುಯ್ಯಾಳಿಗೆ ಹೋಪದಾ?”

“ಎಂತಕ್ಕೆ ಹೋಪಲಾಗ್ದು? ಕಾಲು ಗಟ್ಟಿ ಇದ್ದಲ.”

ಮುಯ್ಯಾಳು ನಿಮಗೆ ಗೊತ್ತಿರುತ್ತದೆ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಕೂಲಿಯಿಲ್ಲ, ಹಂಗಿಲ್ಲ. ಆದರೆ ಅದು ಸರಿಸಮಾನರ ನಡುವೆ ಮಾತ್ರ ನಡೆಯುವಂಥದ್ದು. ತೋಟದ ಮನೆಗೂ ಮೇಲಿನಕೇರಿಗೂ ಎಂದೂ ಮುಯ್ಯಾಳು ನಡೆದಿರಲಿಲ್ಲ. ಕೆಳಗಿನವರು ಕರೆಯುತ್ತಿದ್ದರು, ಮೇಲಿನವರು ಕೂಲಿಗೆ ಹೋಗುತ್ತಿದ್ದರು. ಹೆಗಡೆಯವರ ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೇ. ನಾನು ಬಾಯಿ ಬಿಡಲು ಹೋದೆ. ಶಾರದಮ್ಮ ನನ್ನ ಕಡೆ ನೋಡಿ, “ನೀ ಚಾ ಕುಡಿ ಕೂಸೇ” ಅಂದರು. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು.

ಮಂಜಪ್ಪನಿಗೆ ಸುದ್ದಿ ಮುಟ್ಟಿದಾಗ ನಕ್ಕರು. “ಮುಯ್ಯಾಳಾ? ಹಂಗಾರೆ ಅವರು ಮೊದ್ಲು ಬರ್ಲಿ. ನಮ್ಮನೆ ಹೆಂಚಿನ ಮೇಲೆ ದರಕು ತುಂಬಿದೆ, ಮಳೆನೀರು ಹೋಗೋ ದೋಣಿ ಕಟ್ಟಿದೆ. ಅಲ್ಲಿಂದ ಶುರು.”

ಬರುತ್ತಾರೆ ಅಂತ ನಾನು ನಂಬಿರಲಿಲ್ಲ. ಬಂದರು. ಬೆಳಿಗ್ಗೆ ಹಳೆಯ ಅಂಗಿ, ಮಡಚಿ ಕಟ್ಟಿದ ಪಂಚೆ, ಹೆಗಲ ಮೇಲೆ ತಮ್ಮದೇ ಪೊರಕೆ. ಹಿಂದೆ ಶಾರದಮ್ಮ. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು. ಹೆಗಡೆಯವರು ಏಣಿ ಹತ್ತಿ ದೋಣಿಯಲ್ಲಿ ತುಂಬಿದ್ದ ಕಸ ತೆಗೆಯತೊಡಗಿದರು. ಜಗಲಿಯಿಂದ ಮಂಜಪ್ಪ ಶುರುಮಾಡಿದರು.

“ಹೆಗಡೇರೇ, ಆ ಬಲಗಡೆ ಮೂಲೆ ಬಿಟ್ರಿ.”

“ನಿಂಗೆ ಅಲ್ಲಿಂದ ಹ್ಯಾಗೆ ಕಾಣ್ತದೆ ಮಾರಾಯ?”

“ನನ್ನ ಮನೆ ಹೆಂಚು, ನಂಗೆ ಕಾಣ್ದೆ ಏನು.”

“ಕಾಣ್ತದೆ ಅಂದ್ರೆ ಒಂದು ಹೆಂಚು ಒಡ್ದಿದ್ದೂ ಕಂಡಿರ್ಬೇಕು. ಯಾರು ಒಡ್ದಿದ್ದು, ನಾನಾ?”

“ಅದು ನಾನೇ ಒಡ್ದಿದ್ದು, ಕಾಲು ಇದ್ದಾಗ.”

ಮೇಲೆ ಪೊರಕೆ ಸರಿದ ಸದ್ದಾಯಿತು. ಆಮೇಲೆ ಆ ಬಲಗಡೆ ಮೂಲೆಯಿಂದಲೂ ಕಸ ಬಿತ್ತು.

ಮರುದಿನ ಕೇರಿಯವರು ಬೆಟ್ಟಕ್ಕೆ ಇಳಿದರು. ಮನೆಗಳ ಹಿಂದೆ, ಒಂದು ಬಸ್ಸನ್ನು ಅಡ್ಡ ನಿಲ್ಲಿಸುವಷ್ಟು ಅಗಲಕ್ಕೆ ದರಕು ಬಾಚಿದರು. ಹೆಗಡೆಯವರೂ ಬಾಚಿದರು. ಮೇಲಿನ ಪಾಲು ಕೇರಿಯ ದನಗಳ ಕಾಲಡಿಗೆ ಹಾಸಲು, ಕೆಳಗಿನದು ತೋಟಕ್ಕೆ. ಎರಡೂ ಗೊಬ್ಬರಗುಂಡಿಗೆ ಬಿದ್ದು ನೀರು ಕುಡಿದವು. ವಾದ ಮಾಡುವ ಚಟ ನನಗೆ ಇದ್ದದ್ದೇ, ಹಾಗಾಗಿ ಇದು ಏಕೆ ಉಳಿದುಬಂತು ಅಂತ ಯೋಚಿಸಿದ್ದೇನೆ. ಹೆಗಡೆಯವರು ವರ್ಷಾವರ್ಷ ತಮ್ಮ ಬೆಟ್ಟದಲ್ಲಿ ಪೊರಕೆ ಹಿಡಿದು ನಿಂತದ್ದು ಊರಿಗೆಲ್ಲ ಕಾಣುವಾಗ ಬೇಲಿಯ ಭಯ ಅವರಿಗೆ ಉಳಿಯಲಿಲ್ಲ. ಅವರು ಮೊದಲು ತನ್ನ ಸೂರು ಹತ್ತಿದ ಮೇಲೆ ಮಂಜಪ್ಪನಿಗೆ ಅಪ್ಪಣೆ ಕೇಳುವ ಪ್ರಶ್ನೆ ಉಳಿಯಲಿಲ್ಲ. ದರಕು ಯಾರದ್ದು ಅನ್ನುವುದನ್ನು ಯಾರೂ ತೀರ್ಮಾನಿಸಲಿಲ್ಲ. ನೀವೂ ತೀರ್ಮಾನಿಸಲು ಹೋಗಬೇಡಿ.

ಇನ್ನೊಂದನ್ನು ಕಲಿತೆವು, ಅದನ್ನು ಕಷ್ಟಪಟ್ಟು ಕಲಿತೆವು. ಒಮ್ಮೆ ಬಾಚಿದರೆ ಸಾಲದು. ಜನವರಿಯಲ್ಲಿ ಬಾಚಿದ ಪಟ್ಟಿ ಫೆಬ್ರವರಿ ಕಳೆಯುವಷ್ಟರಲ್ಲಿ ಮತ್ತೆ ತುಂಬಿರುತ್ತದೆ. ಇಲಾಖೆಯ ರೇಖೆಗಳು ಸೋಲುವುದೂ ಅಲ್ಲೇ, ಬಿಲ್ ಆಗುವುದು ಒಮ್ಮೆಯದ್ದಕ್ಕೆ ಮಾತ್ರ. ಹೊಸದಾಗಿ ಬಂದ ರೇಂಜರ್ ಊದುವ ಯಂತ್ರ ಕೊಡಿಸಿದರು, ಒಬ್ಬ ಹುಡುಗ ಹೆಗಲಿಗೆ ಹಾಕಿಕೊಂಡು ಹೋದರೆ ಎಲೆ ಹಾರುತ್ತದೆ. ಒಳ್ಳೆಯ ಯಂತ್ರ. ಆದರೆ ಅದು ಬಂದ ವರ್ಷ ಮುಯ್ಯಾಳಿಗೆ ಜನ ಕಡಿಮೆಯಾದರು. ಕೆಟ್ಟುನಿಂತ ವಾರ ಮತ್ತೆ ಪೊರಕೆಗಳೇ ಬಂದವು. ಯಂತ್ರ ಬೇಡ ಅನ್ನುವುದಿಲ್ಲ. ಅದು ಬಂದಾಗ ಯಾರು ಬರುವುದು ನಿಂತಿತು ಅಂತ ಎಣಿಸಿಕೊಳ್ಳಿ, ಅಷ್ಟೇ.

ನನ್ನ ಕೊನೆಯ ಬೇಸಿಗೆಯಲ್ಲಿ ಬೆಂಕಿ ಮತ್ತೆ ಬಂತು. ಅದೇ ಬ್ಯಾಣ, ಅದೇ ಮಧ್ಯಾಹ್ನದ ಗಾಳಿ. ನಾನು, ಹೆಗಡೆಯವರು, ಗಿರಿಜಮ್ಮ ಅಂಗಳದಲ್ಲಿದ್ದೆವು. ಕೇರಿಯ ಉಳಿದವರು ಟೊಂಗೆ ಹಿಡಿದು ಪಟ್ಟಿಯ ಅಂಚಿಗೆ ಹೋಗಿದ್ದರು. ಹೊಗೆ ಜಗಲಿಗೆ ಬರತೊಡಗಿತು.

ಮಂಜಪ್ಪ ಹಾಸಿಗೆ ಬಿಡಲು ಒಪ್ಪಲಿಲ್ಲ. “ನಾನು ಇಲ್ಲೇ ಇರ್ತೀನಿ. ಬಾಚಿದೀವಲ್ಲ. ದಾಟಲ್ಲ ಅದು.”

“ದಾಟಿದ್ರೆ?” ಅಂದರು ಗಿರಿಜಮ್ಮ.

“ದಾಟಲ್ಲ ಅಂದೆ. ಹೆಗಡೇರನ್ನ ಕೇಳು.”

ಎಲ್ಲರೂ ಹೆಗಡೆಯವರನ್ನು ನೋಡಿದೆವು. ಅವರು ಪಟ್ಟಿಯ ಕಡೆ ಒಮ್ಮೆ ತಿರುಗಿದರು. ಕೆಂಪು ನಾಲಿಗೆ ಮರಗಳ ನಡುವೆ ಕಾಣುತ್ತಿತ್ತು. “ನಂಗೆ ಗೊತ್ತಿಲ್ಲ ಮಾರಾಯ” ಅಂದು, ಪ್ಲಾಸ್ಟಿಕ್ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದರು. ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಈ ಪಟ್ಟಿಯ ಪರವಾಗಿ ಮಾತಾಡಿದವಳು ನಾನು. ಆದರೂ ಅದರ ಮೇಲೆ ಆ ಮನುಷ್ಯನ ಪ್ರಾಣ ಇಟ್ಟು ನೋಡುವ ಧೈರ್ಯ ನನಗಿರಲಿಲ್ಲ. ಇರಬಾರದು ಕೂಡ.

ಮಂಜಪ್ಪ ಬೈಯುತ್ತಲೇ ಇದ್ದರು. ಗಿರಿಜಮ್ಮ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿದರು. ಕುರ್ಚಿಯ ಮುಂದಿನ ಕಾಲು ಹೆಗಡೆಯವರು, ಹಿಂದಿನದು ನಾನು ಮತ್ತು ಗಿರಿಜಮ್ಮ. ಏದುಸಿರು ಬಿಡುತ್ತಾ ರಸ್ತೆಯವರೆಗೆ ತಂದು ಸಂಕದ, ಅಂದರೆ ಕಿರುಸೇತುವೆಯ, ಕಟ್ಟೆಯ ಹತ್ತಿರ ಇಳಿಸಿದೆವು. ಅಲ್ಲಿಂದ ಮನೆ ಕಾಣುತ್ತದೆ, ಹಿಂದಿನ ಹೊಗೆಯೂ ಕಾಣುತ್ತದೆ.

ಪಟ್ಟಿಗೆ ಬಂದ ಬೆಂಕಿ ತಗ್ಗಿತು. ತಿನ್ನಲು ಏನೂ ಸಿಗದೆ ಅಲ್ಲಲ್ಲಿ ಗಿಡ್ಡಗಾಯಿತು. ಕೇರಿಯವರು ಟೊಂಗೆಯಿಂದ ಬಡಿದು ಬಡಿದು ಮುಗಿಸಿದರು. ಇದರಿಂದ ಪಟ್ಟಿ ಗೆದ್ದಿತು ಅಂತ ಸಾಬೀತಾಗುವುದಿಲ್ಲ. ಆ ದಿನದ ಗಾಳಿಯೇ ಸಣ್ಣದಿತ್ತು ಅಂತ ಯಾರಾದರೂ ವಾದಿಸಿದರೆ ನನ್ನಲ್ಲಿ ಉತ್ತರವಿಲ್ಲ. ಮನೆ ನಿಂತಿತ್ತು. ಕೊಟ್ಟಿಗೆಯೂ ನಿಂತಿತ್ತು.

ಮಂಜಪ್ಪ ಕತ್ತು ಚಾಚಿ ಸೂರನ್ನೂ ಕೊಟ್ಟಿಗೆಯನ್ನೂ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ನಾನು ಹೇಳ್ಲಿಲ್ವಾ? ಇಷ್ಟು ದೂರ ಎತ್ಕಂಡ್ ಬಂದಿದ್ದು ದಂಡ ಆತಲ್ಲೇ.”

ಗಿರಿಜಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ದಂಡ ಆಗ್ಲಿ ಅಂತ್ಲೇ ಎತ್ಕಂಡ್ ಬಂದಿದ್ದು.”

ಹೆಗಡೆಯವರು ಬಗ್ಗಿ ಕುರ್ಚಿಯ ಮುಂದಿನ ಕಾಲು ಹಿಡಿದರು. ನಾವು ಹಿಂದಿನದು ಹಿಡಿದೆವು. ಮತ್ತೆ ಎತ್ತಿದೆವು, ಮನೆಯ ಕಡೆಗೆ.